ಖಾತೆ ಬದಲಾಗಿದೆ ಎಂಬ ಇಮೇಲ್ ನಂಬುವ ಮುನ್ನ

ಮಾನ್ಯ ಸಂಪಾದಕರೇ,

ಆಫ್ರಿಕಾದಿಂದ ಕಚ್ಚಾ ಗೋಡಂಬಿ ತರಿಸುವ ಮಂಗಳೂರಿನ ಕಾರ್ಖಾನೆಗಳು ಇಮೇಲ್ ನಂಬಿ ದೊಡ್ಡ ಮೊತ್ತ ಕಳುಹಿಸುವುದುಂಟು. ವಂಚಕರು ನುಸುಳುವುದು ಇಲ್ಲಿಯೇ. ಮಾರಾಟಗಾರರ ವಿಳಾಸದಲ್ಲಿ ಇಂಗ್ಲಿಷಿನ ‘ಎಂ’ ಬದಲು ಸಣ್ಣ ‘ಆರ್’, ‘ಎನ್’ ಅಕ್ಷರಗಳನ್ನು ಜೋಡಿಸಿದರೆ ಅವಸರದ ಕಣ್ಣಿಗೆ ವ್ಯತ್ಯಾಸ ಕಾಣದು. “ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇಂದೇ ಪಾವತಿಸಿ” ಎಂಬ ಒಂದು ಸಾಲು ಸಾಕು.

ಇದನ್ನು ತಡೆಯಲು ದುಬಾರಿ ತಂತ್ರಾಂಶ ಬೇಕಿಲ್ಲ. ಆ ಇಮೇಲ್‌ನಲ್ಲಿರುವ ಸಂಖ್ಯೆಗಲ್ಲ, ಹಳೆಯ ಕಡತದಲ್ಲಿರುವ ಸಂಖ್ಯೆಗೆ ಕರೆ ಮಾಡಿ ಕೇಳಬೇಕು. ಪಾವತಿ ದಾಖಲಿಸುವವರು ಒಬ್ಬರು, ಅನುಮೋದಿಸುವವರು ಇನ್ನೊಬ್ಬರು ಇರಲಿ. ಒಬ್ಬರು ರಜೆ ಹಾಕಿದಾಗ ಇಬ್ಬರ ಪಾಸ್‌ವರ್ಡೂ ಒಂದೇ ಕೈಗೆ ಬಂದರೆ ಈ ವ್ಯವಸ್ಥೆಗೆ ಅರ್ಥವೇ ಇಲ್ಲ. ಬದಲಿ ಅನುಮೋದಕರನ್ನು ಮೊದಲೇ ಗೊತ್ತುಮಾಡಿಡಿ.

ಮೇಲ್‌ಬಾಕ್ಸ್‌ಗೇ ಕನ್ನ ಬಿದ್ದಿದ್ದರೆ ಪಾಸ್‌ವರ್ಡ್ ಬದಲಿಸಿದರಷ್ಟೇ ಸಾಲದು. ಪತ್ರಗಳು ತಾವಾಗಿಯೇ ಬೇರೆ ವಿಳಾಸಕ್ಕೆ ಹೋಗುವಂತೆ ಕಳ್ಳರು ಮಾಡಿಟ್ಟ ಫಾರ್ವರ್ಡಿಂಗ್ ನಿಯಮವನ್ನು ಹುಡುಕಿ ಅಳಿಸಬೇಕು, ಎಲ್ಲ ಸಾಧನಗಳಿಂದ ಲಾಗೌಟ್ ಆಗಬೇಕು. ಇದನ್ನು ಮರೆತವರಿಗೆ ಮತ್ತೆ ಏಟು ಬೀಳುತ್ತದೆ.

ಭಯವೇ ದೊಡ್ಡ ಅಪಾಯ. ಲಿಂಕ್ ಒತ್ತಿದ ಗುಮಾಸ್ತರನ್ನು ಎಲ್ಲರೆದುರು ಗದರಿದರೆ ಮುಂದಿನ ಸಲ ಯಾರೂ ಬಾಯಿಬಿಡುವುದಿಲ್ಲ. ದೇಶದೊಳಗಿನ ಖಾತೆಗೆ ಹೋದ ಹಣವನ್ನು ತಡೆಹಿಡಿಯಬೇಕಾದರೆ ಬ್ಯಾಂಕಿಗೂ ಸೈಬರ್ ವಂಚನೆಯ 1930 ಸಹಾಯವಾಣಿಗೂ ತಕ್ಷಣ ತಿಳಿಸಬೇಕು; ಪ್ರತಿ ಗಂಟೆಯೂ ಮುಖ್ಯ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ನಿರ್ದೇಶನದಂತೆ, ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಅದಕ್ಕೆ ವರದಿ ಮಾಡುವುದು ಸಂಸ್ಥೆಗಳಿಗೆ ಕಡ್ಡಾಯ.

ಜಿಲ್ಲೆಯ ವಾಣಿಜ್ಯ ಸಂಘಗಳು ಲೆಕ್ಕಪತ್ರ ವಿಭಾಗದ ಸಿಬ್ಬಂದಿಗೆ ಕನ್ನಡ, ತುಳುವಿನಲ್ಲಿ ಈ ತರಬೇತಿಯನ್ನು ಕೂಡಲೇ ಏರ್ಪಡಿಸಲಿ.

– ಮಾಹಿತಿ ಭದ್ರತಾ ತಪಾಸಕರು, ಮಂಗಳೂರು