ನಾಯಿಗಿಂತ ಮುಂಚೆ ಮನೆಯವರು

ಮೈಸೂರು, ಭಾನುವಾರ

ಚಿ. ಪ್ರಸಾದನಿಗೆ ಮಾವನ ಆಶೀರ್ವಾದಗಳು.

ನಿನ್ನಮ್ಮ ಫೋನ್ ಮಾಡಿ ಅತ್ತಳು. ಬ್ಯಾಂಕ್ ಕೆಲಸ ಬಿಟ್ಟು ನಾಯಿ ಟ್ರೇನರ್ ಆಗುತ್ತೀಯಂತೆ. "ಅವನ ತಲೆ ಕೆಡಿಸಿದ್ದು ನೀನೇ" ಅಂತ ನನಗೆ ಬೈದಳು. 22 ವರ್ಷ ಪೊಲೀಸ್ ಶ್ವಾನದಳದಲ್ಲಿ ಇದ್ದವನು, ಬೈಸಿಕೊಳ್ಳುವುದು ನ್ಯಾಯವೇ.

ಬೇಡ ಅನ್ನುವುದಿಲ್ಲ. ಆದರೆ ನನ್ನ ಕೆಲಸವೇ ಬೇರೆ, ನೀನು ಮಾಡಹೊರಟಿದ್ದೇ ಬೇರೆ. ದಳದ ನಾಯಿ ದಿನವಿಡೀ ನನ್ನ ಜೊತೆ ಇರುತ್ತಿತ್ತು. ನಿನಗೆ ಸಿಗುವುದು ವಾರಕ್ಕೆ ಒಂದೆರಡು ಗಂಟೆ. ಮೈಮೇಲೆ ಹಾರಬಾರದು ಅಂತ ನೀನು ಕಲಿಸಿ ಬಂದಿರುತ್ತೀಯ, ಸಂಜೆ ಆ ಮನೆಯ ಅಜ್ಜ ಬಿಸ್ಕತ್ತು ಎತ್ತಿ ಹಿಡಿದು ಹಾರಿಸುತ್ತಾರೆ. ಅಜ್ಜನಿಗೆ ಬೇಜಾರಾಗದ ಹಾಗೆ ಹೇಳಲು ಬರಬೇಕು. ಕೌಂಟರಿನಲ್ಲಿ ಕೂತು ಕಲಿತದ್ದು ಅಲ್ಲಿ ಉಪಯೋಗಕ್ಕೆ ಬರುತ್ತದೆ, ನೋಡು.

ನನ್ನ ಹೆಬ್ಬೆರಳಿನ ಬುಡದ ಗುಳಿಯನ್ನು ಚಿಕ್ಕವನಿದ್ದಾಗ ಮುಟ್ಟಿ ಮುಟ್ಟಿ ನೋಡುತ್ತಿದ್ದೆಯಲ್ಲ, ಅದು ಕಳ್ಳನನ್ನು ಹಿಡಿಯುವಾಗ ಆದದ್ದಲ್ಲ. ರಿಟೈರ್ ಆದ ಹೊಸದರಲ್ಲಿ ಒಬ್ಬರ ಮನೆಗೆ ಹೋಗಿದ್ದೆ. ಮಕ್ಕಳನ್ನು ಕಂಡರೆ ಗುರ್ ಅನ್ನುವ ಲ್ಯಾಬ್ರಡಾರ್. ಗುರ್ ಅಂದಾಗಲೆಲ್ಲ ಗದರಿಸಿ, ಚೈನ್ ಜಗ್ಗಿ ಬಾಯಿ ಮುಚ್ಚಿಸಿದೆ. ಮನೆಯವರಿಗೆ ಖುಷಿಯೋ ಖುಷಿ. ಎರಡು ವಾರ ಬಿಟ್ಟು ಅದು ಸದ್ದೇ ಮಾಡದೆ ನನ್ನ ಕೈಗೆ ಬಾಯಿ ಹಾಕಿತು. ಆಮೇಲೆ ನೆನಪಿಸಿಕೊಂಡೆ. ಮುಖ ಪಕ್ಕಕ್ಕೆ ತಿರುಗಿಸಿತ್ತು. ತುಟಿ ನೆಕ್ಕಿಕೊಂಡಿತ್ತು. ಬಾಲ, ಬೆನ್ನು ಎಲ್ಲ ಮರದ ತುಂಡಿನ ಹಾಗೆ ಬಿಗಿಯಾಗಿತ್ತು. ಕಣ್ಣಂಚಿನಲ್ಲಿ ಬಿಳಿ ಕಾಣುತ್ತಿತ್ತು. ಎಲ್ಲ ಹೇಳಿತ್ತು ಪಾಪ, ನಾನು ಕೇಳಿಸಿಕೊಳ್ಳಲಿಲ್ಲ. ಡಾಕ್ಟರ್ ನೋಡಿದರೆ ಕಿವಿಯೊಳಗೆ ಕೀವು! ಮಕ್ಕಳು ಕಿವಿ ಹಿಡಿದು ಆಡುತ್ತಿದ್ದರಂತೆ. ಒಳ್ಳೆಯ ನಾಯಿ ಇದ್ದಕ್ಕಿದ್ದಂತೆ ಸಿಡುಕಲು ಶುರು ಮಾಡಿದರೆ ಮೊದಲು ಪಶುವೈದ್ಯರ ಹತ್ತಿರ ಕಳಿಸು.

'ಹಿಂಡಿನ ಯಜಮಾನ ನೀನಾಗು' ಅಂತ ನಮಗೆ ಹೇಳಿಕೊಡುತ್ತಿದ್ದರು. ಅದರ ಬೇರು ಕೂಡಿಹಾಕಿದ ತೋಳಗಳನ್ನು ನೋಡಿ 1947ರಲ್ಲಿ ಬರೆದ ಮಾತು, ಅದನ್ನೇ ನಾಯಿಗೂ ಅಂಟಿಸಿದರು. ಅದನ್ನು ಊರಿಗೆಲ್ಲ ಹಬ್ಬಿಸಿದವರಲ್ಲಿ ಒಬ್ಬರಾದ ಅಮೆರಿಕದ ತೋಳ ವಿಜ್ಞಾನಿ ಡೇವಿಡ್ ಮೀಚ್, ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿ 1999ರಲ್ಲಿ ತಾವೇ ತಿದ್ದಿಕೊಂಡರು. ಹಿಂಡು ಅಂದರೆ ಅಪ್ಪ, ಅಮ್ಮ, ಮಕ್ಕಳ ಸಂಸಾರ, ಅಷ್ಟೇ. ನಮ್ಮ ಕಡೆ ಮಾತ್ರ ಇನ್ನೂ ಯಜಮಾನಿಕೆ ಬಿಟ್ಟಿಲ್ಲ.

ರಾಜೀನಾಮೆ ಈಗಲೇ ಕೊಡಬೇಡ. ಎರಡನೇ, ನಾಲ್ಕನೇ ಶನಿವಾರ ರಜೆ ಇದೆಯಲ್ಲ, ಒಂದು ವರ್ಷ ಒಳ್ಳೆಯ ಟ್ರೇನರ್ ಹಿಂದೆ ಓಡಾಡು. ಬೋರ್ಡ್ ಹಾಕಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ, ಅದಕ್ಕೇ ಬೋರ್ಡ್ ಜಾಸ್ತಿ. ಮೊದಲ ದಿನವೇ ಕತ್ತು ಬಿಗಿಯುವ ಚೋಕ್ ಚೈನ್ ಹೊರತೆಗೆಯುವವನು, ಹದಿನೈದು ದಿನಕ್ಕೆ ಗ್ಯಾರಂಟಿ ಅನ್ನುವವನು, ಇಬ್ಬರ ಸಹವಾಸವೂ ಬೇಡ. ರೇಬೀಸ್ ಲಸಿಕೆ ಮುಂಚೆಯೇ ಹಾಕಿಸಿಕೋ. ಮೊದಲ ದಿನ, ಏಳನೇ ದಿನ, ಆಮೇಲೆ 21 ಅಥವಾ 28ನೇ ದಿನ. ಹಾಕಿಸಿಕೊಂಡಿದ್ದರೂ ಕಚ್ಚಿದರೆ ಸೋಪು ಹಚ್ಚಿ 15 ನಿಮಿಷ ನಲ್ಲಿ ನೀರಿನಲ್ಲಿ ತೊಳೆದು, ನೇರ ಆಸ್ಪತ್ರೆಗೆ ಹೋಗು.

ಬರುವ ರಜೆಗೆ ಇಲ್ಲಿಗೆ ಬಾ. ಬೆಳಗ್ಗೆ ಆರಕ್ಕೆ ಹಾಲಿನ ಬೂತ್ ಮುಂದೆ ನಮ್ಮ ಬೀದಿಯ ನಾಲ್ಕು ನಾಯಿಗಳು ಸೇರುತ್ತವೆ. ಸುಮ್ನೆ ಕೂತು ನೋಡೋಣ. ನೋಟ್‌ಬುಕ್ ತಾ, ಬಿಸ್ಕತ್ತು ಬೇಡ. ನಿನ್ನಮ್ಮನ ಹತ್ತಿರ ನಾನು ಮಾತಾಡುತ್ತೇನೆ.

ಇಂತಿ,
ನಿನ್ನ ಮಾವ