ನೊಣದ ನಿದ್ದೆಯ ಸಂಶೋಧನೆ ದಂಡದ ಖರ್ಚಲ್ಲ

ಮಾನ್ಯ ಸಂಪಾದಕರೇ,

ಹಣ್ಣಿನ ನೊಣ ಎಷ್ಟು ಹೊತ್ತು ಮಲಗುತ್ತದೆಂದು ಅಳೆಯಲು ಸಾರ್ವಜನಿಕರ ಹಣ ಪೋಲು ಮಾಡಬೇಕೇ ಎಂದು ಓದುಗರೊಬ್ಬರು ಈ ಅಂಕಣದಲ್ಲಿ ಕೇಳಿದ್ದಾರೆ. ಮಾವು ಬೆಳೆಯುವ ನಮ್ಮ ಶ್ರೀನಿವಾಸಪುರದವರಿಗೆ ಹಣ್ಣಿನ ನೊಣದ ಹೆಸರೆತ್ತಿದರೆ ಮೈ ಉರಿಯುವುದು ಸಹಜವೇ. ಆದರೆ ಕಾಯಿಗೆ ಚುಚ್ಚಿ ಮೊಟ್ಟೆಯಿಡುವ ಆ ಕೀಟ ಬೇರೆ. ಪ್ರಯೋಗಾಲಯದ ಡ್ರೊಸೊಫಿಲಾ, ಕೊಳೆತ ಟೊಮೆಟೊಗೆ ಮುತ್ತುವ ಕೆಂಪು ಕಣ್ಣಿನ ಪುಟ್ಟ ನೊಣಗಳ ಜಾತಿಯದು.

ಅದು ನಿಜಕ್ಕೂ ನಿದ್ರಿಸುತ್ತದೆಂದು 2000ರಲ್ಲಿ ಅಮೆರಿಕದ ಎರಡು ತಂಡಗಳು ತೋರಿಸಿದವು. ಗಾಜಿನ ನಳಿಕೆಯೊಳಗೆ ಒಂಟಿಯಾಗಿ ಬಿಟ್ಟ ನೊಣ 5 ನಿಮಿಷ ಅಲುಗದಿದ್ದರೆ ಅದನ್ನು ನಿದ್ದೆಯೆಂದು ಲೆಕ್ಕ ಹಿಡಿಯುತ್ತಾರೆ. ರಾತ್ರಿಯಿಡೀ ನಳಿಕೆ ಕುಲುಕಿ ಎಚ್ಚರವಾಗಿಟ್ಟರೆ ಅದು ಮರುದಿನ ಹೆಚ್ಚು ಮಲಗಿ ಬಾಕಿ ತೀರಿಸಿಕೊಳ್ಳುತ್ತದೆ. ಕೆಫೀನ್ ಕೊಟ್ಟರೆ ನಿದ್ದೆಗೆಡುತ್ತದೆ.

ಸಾಮಾನ್ಯ ನೊಣ ದಿನಕ್ಕೆ 9ರಿಂದ 15 ಗಂಟೆ ಮಲಗಿದರೆ, 2005ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಸಾವಿರಾರು ತಳಿಗಳನ್ನು ಜಾಲಾಡಿ 4–5 ಗಂಟೆಯಷ್ಟೇ ಮಲಗುವ ತಳಿಯೊಂದನ್ನು ಹುಡುಕಿದರು. ದೋಷವಿದ್ದದ್ದು ‘ಶೇಕರ್’ ಎಂಬ ಒಂದೇ ಜೀನಿನಲ್ಲಿ. (ಈಥರ್ ಕೊಟ್ಟಾಗ ಕಾಲು ನಡುಗಿಸುವ ನೊಣಗಳಿಂದ ಬಂದ ಹೆಸರಿದು.) ಸಂಕೇತ ಹೊಮ್ಮಿಸಿದ ನರಕೋಶ ಮತ್ತೆ ಶಾಂತವಾಗಲು ಪೊಟ್ಯಾಸಿಯಂ ಹೊರಹೋಗಬೇಕು, ಆ ಬಾಗಿಲನ್ನು ರೂಪಿಸುವುದು ಈ ಜೀನ್. ಬಾಗಿಲು ಕೆಟ್ಟರೆ ನರಕೋಶದ ಉದ್ರೇಕ ಇಳಿಯುವುದು ತಡವಾಗುತ್ತದೆ, ನೊಣದ ನಿದ್ದೆ ಮಾತ್ರವಲ್ಲ, ಆಯುಷ್ಯವೂ ತಗ್ಗುತ್ತದೆ. 2008ರಲ್ಲಿ ಪತ್ತೆಯಾದ ‘ಸ್ಲೀಪ್‌ಲೆಸ್’ ಜೀನ್ ಇದೇ ಬಾಗಿಲನ್ನು ನಿಯಂತ್ರಿಸುವಂಥದ್ದು. ಇನ್ನು ಮಿದುಳಿನ ರಾಸಾಯನಿಕಗಳಲ್ಲಿ ಡೋಪಮೈನ್ ನೊಣವನ್ನು ಎಚ್ಚರದತ್ತ ಎಳೆದರೆ, ಗಾಬಾ ನಿದ್ದೆಯತ್ತ ಜಗ್ಗುತ್ತದೆ.

ಇದರಿಂದ ಮನುಷ್ಯನಿಗೇನು ಎಂಬುದು ಪತ್ರದ ಮುಖ್ಯ ಆಕ್ಷೇಪ. 1971ರಲ್ಲಿ ವಿಜ್ಞಾನಿಗಳಾದ ಕೊನೊಪ್ಕಾ ಮತ್ತು ಬೆಂಜರ್ ನೊಣದಲ್ಲಿ ದೇಹದ ಗಡಿಯಾರವನ್ನು ನಡೆಸುವ ‘ಪೀರಿಯಡ್’ ಜೀನನ್ನು ಗುರುತಿಸಿದಾಗಲೂ ಉಪಯೋಗ ಯಾರಿಗೂ ಕಂಡಿರಲಿಕ್ಕಿಲ್ಲ. ಮುಸ್ಸಂಜೆಗೇ ಕಣ್ಣೆಳೆದು, ಕೋಳಿ ಕೂಗುವ ಮೊದಲೇ ಎಚ್ಚರಗೊಳ್ಳುವ ಲಕ್ಷಣ ತಲೆಮಾರುಗಳಿಂದ ಇದ್ದ ಕುಟುಂಬವೊಂದರಲ್ಲಿ, ಅದರ ಮಾನವ ರೂಪಗಳಲ್ಲೊಂದಾದ ‘ಪರ್2’ ಜೀನಿನ ದೋಷ 2001ರಲ್ಲಿ ಸಿಕ್ಕಿತು. ದೇಹದ ಗಡಿಯಾರದ ಈ ಸಂಶೋಧನೆಗೆ 2017ರಲ್ಲಿ ನೊಬೆಲ್ ಬಂತು. ಹಾಗೆಂದು ನೊಣದ ಫಲಿತಾಂಶ ನಾಳೆಯೇ ನಿದ್ರಾಹೀನರಿಗೆ ಮಾತ್ರೆಯಾಗುತ್ತದೆಂದು ನಾನು ಹೇಳುತ್ತಿಲ್ಲ.

ಖರ್ಚಿನ ಮಾತಿಗೆ ಬಂದರೆ, ರವೆ, ಬೆಲ್ಲ, ಅಗರ್ ಬೇಯಿಸಿ ತುಂಬಿದ ಬಾಟಲಿಯಲ್ಲಿ ಹತ್ತು ಹನ್ನೆರಡು ದಿನಕ್ಕೆ ಹೊಸ ಪೀಳಿಗೆ ಹೊರಬರುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಈ ನೊಣದ ನಿದ್ದೆಯ ಅಧ್ಯಯನ ನಡೆದಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಇದರ ತಳಿ ಸಂಗ್ರಹವಿದೆ. ನಮ್ಮ ಜಿಲ್ಲೆಯ ಕಾಲೇಜುಗಳು ವಿದ್ಯಾರ್ಥಿಗಳನ್ನು ಒಮ್ಮೆ ಇಂಥ ಕಡೆಗೆ ಕರೆದೊಯ್ಯಲಿ ಎಂದು ಕೋರುತ್ತೇನೆ.

— ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ಶ್ರೀನಿವಾಸಪುರ, ಕೋಲಾರ ಜಿಲ್ಲೆ