ಸುಮ್ನೆ ಸುತ್ತು ಹೊಡೆಯುತ್ತಿರಲಿಲ್ಲ

ಸಂಪಾದಕರೇ,

ಟೇಕಾಫ್ ಆದ ವಿಮಾನವೊಂದು ಕಂಟ್ರೋಲ್ ಕೆಟ್ಟು ವಾಪಸ್ಸು ಬಂದಾಗಲೆಲ್ಲ ತಲೆಬರಹ ಒಂದೇ ಥರ ಇರುತ್ತದೆ. ಆಗಸದಲ್ಲೇ ಒಂದು ಗಂಟೆ ಗಿರಕಿ, ಪ್ರಯಾಣಿಕರ ಪ್ರಾಣದ ಜೊತೆ ಚೆಲ್ಲಾಟ. ಓದಿದವರು ಕೇಳುವುದೂ ಅದನ್ನೇ. ಕೆಟ್ಟಿದೆ ಅಂತ ಗೊತ್ತಾದ ಮೇಲೆ ತಕ್ಷಣ ಇಳಿಸಬೇಕಿತ್ತು ಅಲ್ವಾ, ಯಾಕೆ ಸುತ್ತಿಸಿದರು? ನಾನು ಬಹಳ ವರ್ಷ ವಿಮಾನ ರಿಪೇರಿಯ ಹ್ಯಾಂಗರ್‌ನಲ್ಲಿ ದುಡಿದವನು. ಇದಕ್ಕೆ ಉತ್ತರ ಬರೆಯಲೇಬೇಕು ಅನ್ನಿಸಿತು.

ಬೆಂಕಿ ಬಿದ್ದಿದ್ದರೆ ಮಾತು ಬೇರೆ, ಆಗ ಬೇಗ ಇಳಿಯಲೇಬೇಕು. ಆದರೆ ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಏಲರಾನ್, ಮೂತಿಯನ್ನು ಮೇಲೆ ಕೆಳಗೆ ಮಾಡುವ ಬಾಲದ ಎಲಿವೇಟರ್, ಮೂತಿಯನ್ನು ಎಡಬಲ ತಿರುಗಿಸುವ ರಡ್ಡರ್ ಇವು ಮಾತು ಕೇಳದಿದ್ದಾಗ ಪೈಲಟ್‌ಗೆ ಮೊದಲು ಬೇಕಾದದ್ದು ಎತ್ತರ. ಮೊದಲು ಹಾರಿಸು, ಆಮೇಲೆ ದಾರಿ ನೋಡು, ಆಮೇಲೆ ಮಾತಾಡು ಅಂತ ಅವರಿಗೆ ಕಲಿಸುವುದು ಇದಕ್ಕೇ. ಮೇಲೆ ಹೋಗಿ ಇಳಿಯುವುದನ್ನೇ ಒಮ್ಮೆ ಮಾಡಿ ನೋಡುತ್ತಾರೆ. ನಿಧಾನ ವೇಗದಲ್ಲೂ ವಿಮಾನವನ್ನು ಎತ್ತಿ ಹಿಡಿಯುವ ರೆಕ್ಕೆಯ ಫ್ಲಾಪ್ ಒಂದೊಂದೇ ಹಂತ ಬಿಡುತ್ತಾರೆ, ಚಕ್ರ ಇಳಿಸುತ್ತಾರೆ, ವೇಗ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾರೆ, ಎಲ್ಲಿ ವಿಮಾನ ವಾಲಲು ಶುರು ಮಾಡುತ್ತದೋ ಅಲ್ಲಿಗೆ ನಿಲ್ಲಿಸಿ ಹಿಂದಿನ ಹಂತಕ್ಕೆ ಬರುತ್ತಾರೆ. ಅದಕ್ಕಿಂತ ನಿಧಾನವಾಗಿ ಇಳಿಯುವ ಹಾಗಿಲ್ಲ ಅಂತ ಗೊತ್ತಾಯಿತು. ಇದನ್ನು ನೆಲದ ಹತ್ತಿರ ಬಂದು ಕಂಡುಕೊಂಡರೆ ಸರಿ ಮಾಡಿಕೊಳ್ಳಲು ಹೊತ್ತೇ ಇರುವುದಿಲ್ಲ. ವೇಗ ಜಾಸ್ತಿ ಅಂದರೆ ಉದ್ದದ ರನ್‌ವೇ ಬೇಕು, ಹಾಗಾಗಿ ಹೊರಟ ಕಡೆಗೇ ಬರದೆ ಬೇರೆ ನಿಲ್ದಾಣಕ್ಕೆ ಹೋಗುವುದೂ ಉಂಟು.

1977ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಿಂದ ಹೊರಟ ಡೆಲ್ಟಾ ಟ್ರೈಸ್ಟಾರ್ ವಿಮಾನದ ಎಡ ಎಲಿವೇಟರ್ ಪೂರ್ತಿ ಮೇಲಕ್ಕೆ ಸಿಕ್ಕಿಕೊಂಡಿತ್ತು. ಕ್ಯಾಪ್ಟನ್ ಜಾಕ್ ಮೆಕ್‌ಮಹಾನ್ ಕಂಟ್ರೋಲನ್ನು ಎಷ್ಟು ಮುಂದಕ್ಕೆ ಒತ್ತಿದರೂ ಮೂತಿ ಮೇಲಕ್ಕೇ ಏಳುತ್ತಿತ್ತು, ವೇಗ ಕುಸಿಯುತ್ತಿತ್ತು. ಆ ವಿಮಾನಕ್ಕೆ ಮೂರು ಎಂಜಿನ್. ಎರಡು ರೆಕ್ಕೆಯ ಕೆಳಗೆ, ಒಂದು ಬಾಲದಲ್ಲಿ ಎತ್ತರಕ್ಕೆ. ರೆಕ್ಕೆಯ ಎಂಜಿನ್‌ಗಳ ಶಕ್ತಿ ತಗ್ಗಿಸಿ ಬಾಲದ್ದನ್ನು ಜಾಸ್ತಿ ಇಟ್ಟರೆ ಮೂತಿ ಕೆಳಗೆ ಬರುತ್ತದೆ ಅಂತ ಅವರು ಕಂಡುಕೊಂಡರು. ಪ್ರಯಾಣಿಕರನ್ನು ಮುಂದಿನ ಸೀಟುಗಳಿಗೆ ಕೂರಿಸಿದರು, ಭಾರ ಮುಂದಕ್ಕೆ ಬರಲಿ ಅಂತ. ಲಾಸ್ ಏಂಜಲೀಸ್‌ನಲ್ಲಿ 52 ಜನರೂ ಕ್ಷೇಮವಾಗಿ ಇಳಿದರು. ಆಮೇಲೆ ನೋಡಿದರೆ ಆ ಎಲಿವೇಟರ್‌ನ ಬೇರಿಂಗ್ ಒಳಗೆ ನೀರು ಸೇರಿ ತುಕ್ಕು ಹಿಡಿದಿತ್ತು, ಅಷ್ಟೇ.

ಇನ್ನೊಂದು ಪಾಠ ನೋವಿನದು. 2000ದ ಜನವರಿ 31ರಂದು ಅಲಾಸ್ಕಾ ಏರ್‌ಲೈನ್ಸ್‌ನ 261ನೇ ವಿಮಾನದಲ್ಲಿ ಟೇಕಾಫ್ ಆಗಿ ಮೇಲೇರುವಾಗಲೇ ಬಾಲದ ಸ್ಟೆಬಿಲೈಸರ್, ಅಂದರೆ ಮೂತಿಯ ಮಟ್ಟ ಹಿಡಿದಿಡುವ ಅಡ್ಡ ರೆಕ್ಕೆ, ಸಿಕ್ಕಿಕೊಂಡಿತು. ಅದನ್ನು ಬಿಡಿಸಲು ಪೈಲಟ್‌ಗಳು ಮತ್ತೆ ಮತ್ತೆ ನೋಡಿದರು. ಕೊನೆಗೆ ಅದು ಹಿಡಿತವೇ ಇಲ್ಲದೆ ಕಿತ್ತುಕೊಂಡಿತು, ವಿಮಾನ ಮೂತಿ ಕೆಳಗಾಗಿ ಸಮುದ್ರಕ್ಕೆ ಬಿತ್ತು. 88 ಜನ ಹೋದರು. ಮೂಲ ತಪ್ಪು ಪೈಲಟ್‌ಗಳದ್ದಲ್ಲ. ಸ್ಟೆಬಿಲೈಸರನ್ನು ಮೇಲೆ ಕೆಳಗೆ ಮಾಡುವ ಉದ್ದದ ಸ್ಕ್ರೂ, ಅಂದರೆ ಜ್ಯಾಕ್‌ಸ್ಕ್ರೂಗೆ ಸರಿಯಾಗಿ ಗ್ರೀಸ್ ಹಾಕಿರಲಿಲ್ಲ, ನಟ್‌ನ ಎಳೆಗಳು ಸವೆದು ಹೋಗಿದ್ದವು. ಆದರೂ ಹೇಗೋ ಹಾರುತ್ತಿರುವುದನ್ನು ಕೆಣಕಬಾರದು, ಚೆಕ್‌ಲಿಸ್ಟ್‌ನಲ್ಲಿ ಇರುವಷ್ಟು ಮಾಡಿ ಇಳಿಸಬೇಕು ಅನ್ನುವುದು ಅಲ್ಲಿಂದ ಗಟ್ಟಿಯಾಯಿತು.

ನಮ್ಮ ಹ್ಯಾಂಗರ್ ಕಡೆಯ ತಪ್ಪಿನ ಬಗ್ಗೆಯೂ ಹೇಳಬೇಕು. ಏಲರಾನ್ ಎಳೆಯುವ ಕೇಬಲ್ ಬದಲಿಸಿದ ದಿನ ಒಬ್ಬ ಕಾಕ್‌ಪಿಟ್‌ನಲ್ಲಿ ಕೂತು ಕಂಟ್ರೋಲ್ ಚಕ್ರವನ್ನು ಎಡಕ್ಕೆ ತಿರುಗಿಸುತ್ತಾನೆ, ಇನ್ನೊಬ್ಬ ಹೆಡ್‌ಸೆಟ್ ಹಾಕಿಕೊಂಡು ರೆಕ್ಕೆಯ ಕೆಳಗೆ ನಿಂತು ನೋಡುತ್ತಾನೆ. ಎಡ ಏಲರಾನ್ ಮೇಲೇಳಬೇಕು. ಹೆಬ್ಬೆರಳು ಮೇಲೆ ಮಾಡಿ ಚಕ್ರ ಹಿಡಿದು ತಿರುಗಿಸಿ, ಹೆಬ್ಬೆರಳು ಯಾವ ಕಡೆ ತೋರಿಸುತ್ತದೋ ಆ ಕಡೆಯ ಏಲರಾನ್ ಮೇಲೆ. ಏಲರಾನ್ ಅಲ್ಲಾಡಿದರೆ ಸಾಲದು, ಸರಿಯಾದ ಕಡೆಗೆ ಅಲ್ಲಾಡಬೇಕು. 2018ರ ನವೆಂಬರ್ 11ರಂದು ಪೋರ್ಚುಗಲ್‌ನಲ್ಲಿ ರಿಪೇರಿ ಮುಗಿಸಿ ಹೊರಟ ಕಜಾಕಿಸ್ತಾನದ ಏರ್ ಅಸ್ತಾನಾ ಕಂಪನಿಯ ಎಂಬ್ರೇಯರ್ ವಿಮಾನದಲ್ಲಿ ಏಲರಾನ್ ಕೇಬಲ್ ಅದಲುಬದಲಾಗಿತ್ತು. ರಿಪೇರಿಯವರಿಗೂ ಗೊತ್ತಾಗಲಿಲ್ಲ, ಹೊರಡುವ ಮೊದಲು ಚೆಕ್ ಮಾಡಿದ ಪೈಲಟ್‌ಗಳಿಗೂ ಗೊತ್ತಾಗಲಿಲ್ಲ. ಎಡಕ್ಕೆ ಅಂದರೆ ಬಲಕ್ಕೆ ಉರುಳುತ್ತಿತ್ತು. ಸಮುದ್ರದಲ್ಲೇ ಇಳಿಸೋಣ ಅಂತಲೂ ಯೋಚಿಸಿದ್ದರು. ಒಂದೂವರೆ ಗಂಟೆಗೂ ಜಾಸ್ತಿ ಹೊತ್ತು ಒದ್ದಾಡಿ, ಏನಾಗಿದೆ ಅಂತ ಅರ್ಥ ಮಾಡಿಕೊಂಡು, ಮೂರನೇ ಸಲಕ್ಕೆ ಪೋರ್ಚುಗಲ್‌ನದೇ ಬೇಜಾ ನಿಲ್ದಾಣದಲ್ಲಿ ಇಳಿಸಿದರು. ಒಳಗಿದ್ದ 6 ಜನರೂ ಬದುಕಿದರು. ಆ ಒಂದೂವರೆ ಗಂಟೆಯನ್ನು ಗಿರಕಿ ಅಂತ ಹೇಗೆ ಬರೆಯೋದು?

ಮುಂದಿನ ಸಲ ಇಂಥ ಸುದ್ದಿ ಬಂದಾಗ ಯಾವ ಕಂಟ್ರೋಲ್ ಕೆಟ್ಟಿತ್ತು, ಸುತ್ತುತ್ತಿದ್ದಾಗ ಏನು ಮಾಡುತ್ತಿದ್ದರು ಅಂತ ಕೇಳಿ ನಾಲ್ಕು ಸಾಲು ಬರೆಯಿರಿ. ವಿಮಾನದಲ್ಲಿ ಕೂತವರಿಗೂ ಒಂದು ಮಾತು. ಹಿಂದಿನಿಂದ ಎದ್ದು ಮುಂದಿನ ಸೀಟಿಗೆ ಬನ್ನಿ ಅಂತ ಸಿಬ್ಬಂದಿ ಕರೆದರೆ ಮೊಬೈಲ್ ಒಳಗಿಟ್ಟು ತಕ್ಷಣ ಹೋಗಿ.

ಇಂತಿ,
ಒಬ್ಬ ನಿವೃತ್ತ ವಿಮಾನ ತಂತ್ರಜ್ಞ